ನಾಲ್ಕನೇ ಪಂಪು

“ಮೂರು ಪಾಸು, ಒಂದು ಫೇಲು,” ಎಂದು ಇನ್ಸ್‌ಪೆಕ್ಟರಮ್ಮ ಆದೇಶದ ಕಾಗದವನ್ನು ಮೇಜಿನ ಮೇಲಿಟ್ಟರು. “ಇವತ್ತಿಂದ ಗರಗಸ ಬಂದ್.”

ಸೂಪರ್‌ವೈಸರ್ ನಕ್ಕುಬಿಟ್ಟ. ನಗದೆ ಇನ್ನೇನು? ಹನ್ನೊಂದು ವರ್ಷದಲ್ಲಿ ಅವನ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಶೀಟಿನ ಕಾರ್ಖಾನೆ ಯಾವ ತಪಾಸಣೆಯಲ್ಲೂ ಫೇಲಾಗಿರಲಿಲ್ಲ.

“ಚಾನ್ಸೇ ಇಲ್ಲ ಮೇಡಂ. ಲ್ಯಾಬಿನವರು ಯಾರದೋ ಫಿಲ್ಟರನ್ನ ನಮ್ಮ ತಲೆಗೆ ಕಟ್ಟಿದಾರೆ.”

ಇನ್ಸ್‌ಪೆಕ್ಟರಮ್ಮ ಕುರ್ಚಿ ಎಳೆದು ಕೂತರು. ಅವರಿಗೆ ಸುಸ್ತಾಗಿತ್ತು. ಇಂದಿನ ಸುಸ್ತಲ್ಲ, ಇಪ್ಪತ್ತೆಂಟು ವರ್ಷದ್ದು. ಆರುನೂರು ಕಾರ್ಖಾನೆಗೆ ಮೂವರು ಇನ್ಸ್‌ಪೆಕ್ಟರು, ಮೂವರಿಗೂ ಸೇರಿ ಒಂದು ಜೀಪು. ಹೋದಲ್ಲೆಲ್ಲ ಅದೇ ನಾಟಕ: ಆಗತಾನೇ ಪ್ಯಾಕೆಟ್ಟು ಒಡೆದ ಮಾಸ್ಕು, ಆಗತಾನೇ ತೊಳೆದ ನೆಲ, ಬಿಸಿ ಬಿಸಿ ಟೀ.

ಈ ವರ್ಷ ದೇಶಕ್ಕೆಲ್ಲ ಹೊಸ ನಿಯಮ ಬಂದಿತ್ತು. ಕೆಲಸಗಾರನ ಸೊಂಟಕ್ಕೊಂದು ಪುಟ್ಟ ಪಂಪು, ಕಾಲರಿಗೆ ಅದರ ಫಿಲ್ಟರು. ಪಾಳಿಯಿಡೀ ಅವನು ಉಸಿರಾಡುವ ಗಾಳಿಯನ್ನೇ ಅದೂ ಎಳೆದುಕೊಳ್ಳಬೇಕು. ಫಿಲ್ಟರಿನಲ್ಲಿ ಕಲ್ನಾರಿನ ಎಳೆಗಳು ಮಿತಿ ದಾಟಿದರೆ ಯಂತ್ರ ನಿಲ್ಲಬೇಕು. ಕಾಗದದ ಮೇಲೆ ಒಳ್ಳೆಯ ನಿಯಮ. ಆದರೆ ಪಾಳಿ ಮುಗಿಯುವ ತನಕ ಕಾವಲು ಕೂರಲು ಪುರುಸೊತ್ತು ಯಾರಿಗಿದೆ? ಬೆಳಿಗ್ಗೆ ಕಟ್ಟಿ ಹೋಗಿ, ಸಂಜೆ ಬಂದು ಬಿಚ್ಚಿಕೊಳ್ಳುತ್ತಿದ್ದರು.

ಮೊದಲ ಸಲ ಇಲ್ಲಿಯ ನಾಲ್ಕೂ ಫಿಲ್ಟರುಗಳ ಲೆಕ್ಕ ಅವಳಿಜವಳಿಯಂತೆ ಒಂದೇ ಬಂದಿತ್ತು. ನಾಲ್ಕನ್ನೂ ಆಫೀಸು ಕೋಣೆಯ ಒಂದೇ ಮೊಳೆಗೆ ನೇತುಹಾಕಿದ್ದಾರೆಂದು ತಿಳಿಯಲು ಮಹಾ ಬುದ್ಧಿಯೇನೂ ಬೇಕಿರಲಿಲ್ಲ. ಆ ಲೆಕ್ಕವನ್ನು ತಿರಸ್ಕರಿಸಿ, ಹದಿನೈದು ದಿನದ ಹಿಂದೆ ಮತ್ತೆ ಬಂದಿದ್ದರು.

ಅಂದು ನಾಲ್ಕನೇ ಪಂಪನ್ನು ಗರಗಸದ ತಾತನಿಗೆ ತಾವೇ ಕೈಯಾರೆ ಕಟ್ಟಿದ್ದರು. ತಾತನಿಗೆ ಐವತ್ತೈದೂ ಆಗಿರಲಿಲ್ಲ. ಮೂವತ್ತು ವರ್ಷ ಶೀಟು ಕೊಯ್ದು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ. ಆ ಹೆಸರು ಬಂದದ್ದು ಹಾಗೆ.

“ಬಟ್ಟೆ ಬದಲಾಯಿಸೋ ಕೋಣೆಗೆ ಬೀಗ ಯಾಕೆ?” ಎಂದು ಅಂದೇ ಕೇಳಿದ್ದರು.

“ಯಾರೂ ಬಳಸಲ್ಲ ಮೇಡಂ. ಸ್ನಾನ ಗೀನ ಎಲ್ಲಾ ಮನೇಲೇ,” ಎಂದಿದ್ದ ಸೂಪರ್‌ವೈಸರ್. “ನಂದೂ ಅಷ್ಟೇ. ಮಗಳಿಗೆ ಒಂಬತ್ತು ತಿಂಗಳು. ಅಪ್ಪ ಒಳಗೆ ಕಾಲಿಟ್ಟ ತಕ್ಷಣ ಎತ್ಕೋಬೇಕು ಅವಳಿಗೆ.”

“ಕಲ್ನಾರು ಬರೋ ಚೀಲಗಳನ್ನ ಏನು ಮಾಡ್ತೀರಿ?”

“ಎಲ್ಲರೂ ಮನೆಗೆ ಒಯ್ತೀವಿ. ಗಟ್ಟಿ ಬಟ್ಟೆ ಮೇಡಂ, ಹಾಸಿಗೆ ಹೊಲಿಸೋಕೆ ಹೇಳಿ ಮಾಡಿಸಿದ ಹಾಗಿದೆ.”

ಎರಡೂ ತಪ್ಪು. ಎರಡನ್ನೂ ಬರೆದುಕೊಂಡಿದ್ದರು. ಎಷ್ಟು ಬರೆದರೂ ಕೇಳುವವರಿಲ್ಲವೆಂಬ ಬೇಸರದಲ್ಲೇ ಬರೆದುಕೊಂಡಿದ್ದರು.

ಸಂಜೆ ಪಂಪು ಬಿಚ್ಚುತ್ತ, “ದಿನ ಪೂರ್ತಿ ಕಟ್ಕೊಂಡೇ ಇದ್ರಾ?” ಎಂದು ಕೇಳಿದಾಗ ತಾತ ಸೂಪರ್‌ವೈಸರನ ಮುಖ ನೋಡಿದ, ಆಮೇಲೆ ನೆಲ ನೋಡಿದ.

“ನನ್ನನ್ನೇನು ಕೇಳ್ತೀರಮ್ಮಾ. ಅದನ್ನೇ ಕೇಳಿ.”

ಅದು ಹೇಳಿತ್ತು. ಮೂರು ಫಿಲ್ಟರುಗಳಲ್ಲಿ ಎಳೆಗಳು ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಗರಗಸದ ಮಗ್ಗುಲಲ್ಲಿ ನಿಂತವರಿಗೆ ಅಂಥ ಗಾಳಿ ಸಿಗುವ ಮಾತೇ ಇಲ್ಲ. ಆದರೆ ನಾಲ್ಕನೆಯದು ಮಿತಿಯ ಎರಡರಷ್ಟಿತ್ತು. ಕಂಡಾಗ ಇನ್ಸ್‌ಪೆಕ್ಟರಮ್ಮನ ಕಣ್ಣು ತುಂಬಿತ್ತು. ಒಬ್ಬನಾದರೂ ಹೆದರದೆ ಪಂಪು ಕಟ್ಟಿಕೊಂಡೇ ನಿಂತನಲ್ಲ ಎಂದು ಅಂದು ಹೊಟ್ಟೆ ತುಂಬ ಊಟ ಮಾಡಿದ್ದರು.

“ಫೇಲಾಗಿದ್ದು ಯಾವ ನಂಬರು ಮೇಡಂ?” ಎಂದು ಈಗ ಸೂಪರ್‌ವೈಸರ್ ಕೇಳಿದ.

ಇನ್ಸ್‌ಪೆಕ್ಟರಮ್ಮ ತಡೆದರು. ಹೇಳಿದರೆ ತಾತನನ್ನು ಹಿಡಿದುಕೊಟ್ಟಂತೆ. ಆದರೆ ಆದೇಶದಲ್ಲಿ ಅಚ್ಚಾಗಿಬಿಟ್ಟಿದೆ.

“ನಾಲ್ಕು.”

ಸೂಪರ್‌ವೈಸರನ ನಗು ನಿಂತಿತು. “ನಾಲ್ಕಾ? ನಾಲ್ಕು ಫೇಲಾಗೋಕೆ ಸಾಧ್ಯನೇ ಇಲ್ಲ.”

“ಯಾಕೆ, ನಿಮ್ಮ ಮಾತು ಕೇಳ್ಲಿಲ್ಲ ಅಂತಾನಾ? ನೋಡಿ, ತಾತನ ಕೆಲಸಕ್ಕೆ ಕುತ್ತು ತಂದ್ರೆ ನಿಮ್ಮನ್ನ ಕೋರ್ಟಿಗೆ ಎಳೀತೀನಿ.”

ಅವನಿಗೆ ಅದು ಕೇಳಿಸಿದಂತಿರಲಿಲ್ಲ. ಕಾಗದ ಎತ್ತಿಕೊಂಡು ಅಂಕಿಯ ಮೇಲೆ ಬೆರಳಿಟ್ಟ.

“ಈ ಎಳೆ ಒಳಗೆ ಹೋದ್ರೆ, ಕಾಯಿಲೆ ಎಷ್ಟು ವರ್ಷಕ್ಕೆ ಗೊತ್ತಾಗುತ್ತೆ ಮೇಡಂ?”

“ಇಪ್ಪತ್ತು. ಮೂವತ್ತು. ಕೆಲವರಿಗೆ ನಲವತ್ತು. ಮೂರು ಸಲ ನಿಮಗೆ ಈ ಪಾಠ ಮಾಡಿದೀನಿ, ಮೂರು ಸಲವೂ ಮೊಬೈಲ್ ನೋಡ್ತಾ ಕೂತಿದ್ರಿ.”

ಅವನು ಬೆರಳು ಮಡಚುತ್ತ ಏನನ್ನೋ ಎಣಿಸತೊಡಗಿದ. ತನ್ನ ನಿವೃತ್ತಿಯ ವರ್ಷ ಎಣಿಸುತ್ತಿದ್ದಾನೆ, ಅಷ್ಟರೊಳಗೆ ತಪ್ಪಿಸಿಕೊಳ್ಳಬಹುದೇ ಎಂದು ನೋಡುತ್ತಿದ್ದಾನೆ ಎಂದುಕೊಂಡರು ಇನ್ಸ್‌ಪೆಕ್ಟರಮ್ಮ. ಇಂಥವರನ್ನು ಬೇಕಾದಷ್ಟು ಕಂಡಿದ್ದರು. ಅಸಹ್ಯವಾಯಿತು.

“ಸಹಿ ಹಾಕಿ,” ಎಂದು ಪೆನ್ನು ಚಾಚಿದರು.

ಅವನು ಪೆನ್ನು ಹಿಡಿಯಲಿಲ್ಲ.

“ತಾತ ಬೆಳಿಗ್ಗೆನೇ ಬಿಚ್ಚಿಕೊಟ್ಟಿದ್ದ ಮೇಡಂ. ನಾಲ್ಕೂ ಒಂದೇ ಕಡೆ ಇಟ್ರೆ ಮತ್ತೆ ಹಿಡೀತೀರ ಅಂತ, ಈ ಸಲ ಬೇರೆ ಬೇರೆ ಕಡೆ ಇಡಿಸಿದ್ದೆ. ಒಂದು ಆಫೀಸಲ್ಲಿ, ಒಂದು ಗೇಟ್ ಹತ್ರ, ಒಂದು ಕ್ಯಾಂಟೀನಲ್ಲಿ.”

“ಮತ್ತೆ ನಾಲ್ಕನೇದು?”

“ಅದನ್ನ ಮನೆಗೆ ಒಯ್ದು,” ಎಂದ ಅವನು, “ಮಗಳ ತೊಟ್ಟಿಲಿಗೆ ಕಟ್ಟಿದ್ದೆ.”