ಮೊಣಕಾಲುದ್ದ ನೀರು

ದೊಡ್ಡವರಿಗೆ ತಲಾ ಏಳುನೂರು. ನೈಲಾನ್ ಬಟ್ಟೆಯ ಬಾಡಿಗೆ ನೂರು, ಲಾಕರಿಗೆ ಐವತ್ತು. ಒಂದೂವರೆ ವರ್ಷದ ಚಿರಂತನಿಗೆ ಟಿಕೆಟ್ ಇಲ್ಲ. ಆದರೆ ನೀರಿಗಿಳಿಯುವ ಮಗುವಿಗೆ ಬೇರೆಯದೇ ಡೈಪರ್ ಹಾಕಬೇಕು, ಒಂದಕ್ಕೆ ನೂರೈವತ್ತು ಎಂದು ವಾಟರ್ ಪಾರ್ಕಿನ ಕೌಂಟರಿನವಳು ಹೇಳಿದಾಗ ಸಂಜಯ್ ಪರ್ಸು ಮುಚ್ಚಿದ. “ಹಾಕ್ಕಂಡೇ ಬಂದಿದ್ದೀವಿ” ಅಂದುಬಿಟ್ಟ.

ನಾಲ್ಕು ಹೆಜ್ಜೆ ಆಚೆ ಬಂದ ಮೇಲೆ ಹೆಂಡತಿ ಮೇಘಶ್ರೀ ತಡೆದಳು. “ತಗೊಳ್ರೀ. ಮಗ ಹೊರಗಡೆ ತಿಂತದೆ ಅಂತ ಅತ್ತೆ ನೆನ್ನೆ ಹರಳೆಣ್ಣೆ ಕುಡಿಸವ್ರೆ.”

“ನೆನ್ನೆ ಕುಡ್ಸಿದ್ದು ನೆನ್ನೆನೇ ಹೋಯ್ತು. ಒಂದ್ಸಲ ಹಾಕಿ ಎಸೆಯಾಕೆ ನೂರೈವತ್ತಾ? ಬರೀ ಚಡ್ಡಿ ಸಾಕು, ಹೋಗು.”

ಅವಳು ಎತ್ತರದ ಜಾರುಬಂಡೆ ಹತ್ತಲು ಹೋದಳು. ಸಂಜಯ್ ಮಗನನ್ನು ಮಕ್ಕಳ ಕೊಳಕ್ಕೆ ಇಳಿಸಿದ. ದೊಡ್ಡವರಿಗೆ ಮೊಣಕಾಲುದ್ದ ನೀರು, ನಡುವೆ ಪ್ಲಾಸ್ಟಿಕ್ಕಿನ ದೊಡ್ಡ ಅಣಬೆ, ಅದರಿಂದ ಸುತ್ತಲೂ ಸುರಿಯುವ ಮಳೆ.

“ಸಂಜಯಣ್ಣ, ನೀವೂ ಬಂದಿದ್ದೀರಾ?”

ತಿರುಗಿದರೆ ಕೀರ್ತಿರಾಜ್. ಹಳ್ಳಿಮೈಸೂರಿನ ಹತ್ತಿರದ ಅವರದೇ ಊರಿನ ಕೆಳಗಿನ ಕೇರಿಯವನು. ಅವನ ಅಪ್ಪ ಚಲುವಯ್ಯ ಸಂಜಯನ ಹೊಲದಲ್ಲಿ ಆಲೂಗಡ್ಡೆ ಬಿತ್ತಿ, ಕಿತ್ತು, ಮೂಟೆ ಕಟ್ಟಿದ ಆಳು. ಕೀರ್ತಿರಾಜ್ ಈಗ ಅರಕಲಗೂಡಿನಲ್ಲಿ ಲೈನ್‌ಮನ್, ಊರಿನಿಂದಲೇ ಹೋಗಿ ಬರುತ್ತಾನೆ. ಜೊತೆಗೆ ಹೆಂಡತಿ ಕವನಾ, ಚಿರಂತನಷ್ಟೇ ವಯಸ್ಸಿನ ಮಗಳು ತೇಜು. ಊರಿನಲ್ಲಿ ಈ ಎರಡು ಮನೆಯವರು ಒಂದೇ ನೀರಿಗೆ ಇಳಿದದ್ದನ್ನು ಯಾರೂ ಕಂಡಿರಲಿಲ್ಲ.

“ಏನ್ಲಾ ಕೀರ್ತಿ, ಲೈಟ್ ಕಂಬ ಬುಟ್ಟು ನೀರಿಗೆ ಬಿದ್ದಿದ್ದೀಯ?”

“ಇವತ್ತು ಕರೆಂಟ್ ಹೋದ್ರೆ ನನ್ನ ಬೈಯಂಗಿಲ್ಲ ಕಣಣ್ಣ, ರಜ.”

ಮಕ್ಕಳಿಬ್ಬರೂ ಒಬ್ಬರ ಮೇಲೊಬ್ಬರು ನೀರೆರಚಿ ಕೇಕೆ ಹಾಕಿದರು. ತೇಜು ಚಿರಂತನ ಕಿವಿ ಹಿಡಿದಳು, ಅವನು ಅವಳ ಕೂದಲಿಗೆ ಕೈ ಹಾಕಿದ. ಆಮೇಲೆ ಇದ್ದಕ್ಕಿದ್ದಂತೆ ಆಟ ನಿಲ್ಲಿಸಿ, ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ದೂರ ಎಲ್ಲೋ ನೋಡತೊಡಗಿದ. ಮಗು ಸಾಕಿದ ಯಾರಿಗಾದರೂ ಗೊತ್ತಾಗುವ ಮುಖ ಅದು. ಸಂಜಯ್ ಧಾವಿಸಿ ಎತ್ತುವಷ್ಟರಲ್ಲಿ ಹರಳೆಣ್ಣೆ ತನ್ನ ಕೆಲಸ ಮಾಡಿಬಿಟ್ಟಿತ್ತು. ಮಗನನ್ನು ಹೆಗಲ ಮೇಲಿದ್ದ ಟವೆಲಿನಲ್ಲಿ ಸುತ್ತಿಕೊಂಡು ಕಟ್ಟೆ ಹತ್ತಿ ನಿಂತ. ಉಳಿದ ಮಕ್ಕಳನ್ನು ತಾಯಂದಿರು ಎಳೆದುಕೊಂಡರು. ಆ ಮೂಲೆಯಲ್ಲಿ ಉಳಿದವಳು ತೇಜು ಒಬ್ಬಳೇ. ಹಳದಿ ನೀರು ಅವಳ ಕಾಲ ಸುತ್ತ ಹರಡುತ್ತಿತ್ತು.

ಗಾರ್ಡ್ ವಿಸಿಲ್ ಊದಿಕೊಂಡು ಬಂದ. ಮಗಳನ್ನು ಎತ್ತಲು ಬಗ್ಗಿದ್ದ ಕವನಾಳ ಮುಂದೆ ನಿಂತು, “ಡೈಪರ್ ಹಾಕ್ದೆ ಇಳಿಸ್ಬಾರ್ದು ಅಂತ ಗೊತ್ತಿಲ್ವೇನಮ್ಮ?” ಎಂದ.

“ನಿಮ್ಮ ಕೌಂಟರಿನಲ್ಲೇ ತಗೊಂಡು ಹಾಕಿದ್ದೀವಿ ಸಾ. ಇದು ನಮ್ಮ ಮಗೀದಲ್ಲ.”

“ಹಾಕಕ್ಕೂ ಬರ್ಬೇಕಲ್ಲ,” ಎಂದಳು ಕಟ್ಟೆಯ ಮೇಲಿದ್ದ ಒಬ್ಬ ಹೆಂಗಸು. ಯಾರೋ ನಕ್ಕರು.

ಕೀರ್ತಿರಾಜ್ ನಗಲಿಲ್ಲ. ಸಂಜಯನ ಕೈಯಲ್ಲಿದ್ದ ಟವೆಲನ್ನು ಒಂದು ಗಳಿಗೆ ನೋಡಿದ. “ಅಣ್ಣ, ನೀವು ಇಲ್ಲೇ ಇದ್ರಲ್ಲ. ನೀವೊಂದು ಮಾತು ಹೇಳಿ.”

ಟವೆಲಿನೊಳಗಿಂದ ಬೆಚ್ಚಗೆ ಏನೋ ಸಂಜಯನ ಅಂಗೈಗೆ ಇಳಿಯುತ್ತಿತ್ತು. ಸುತ್ತಲೂ ಜನ, ಎಲ್ಲರ ಕಣ್ಣೂ ಅವನ ಮೇಲೆ. ನಮ್ಮ ಮಗ, ಸಣ್ಣದು, ತಪ್ಪಾಯ್ತು ಅಂದಿದ್ದರೆ ಎರಡು ನಿಮಿಷದ ಬೈಗುಳದಲ್ಲಿ ಮುಗಿಯುತ್ತಿತ್ತು.

“ನಾನು ನೋಡ್ಲಿಲ್ಲ ಕಣಪ್ಪ,” ಎಂದ.

ಕೀರ್ತಿರಾಜ್ ಅವನನ್ನೇ ದಿಟ್ಟಿಸಿದ. ಜಗಳಕ್ಕೆ ನಿಲ್ಲಬಹುದಿತ್ತು, ಆದರೆ ಮಗಳು ಹೆದರಿ ಅಳುತ್ತಿದ್ದಳು. ಅವಳನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಜನ ಮೈ ತಾಗದಂತೆ ಸರಿದು ದಾರಿ ಬಿಟ್ಟರು.

ಸಂಜಯ್ ಮಗನನ್ನು ಬಟ್ಟೆ ಬದಲಾಯಿಸುವ ಕೋಣೆಗಳ ಹಿಂದಿನ ನಲ್ಲಿಗೆ ಒಯ್ದು ತೊಳೆದ. ಬೇರೆ ಬಟ್ಟೆಯೆಲ್ಲ ಲಾಕರಿನಲ್ಲಿತ್ತು, ಲಾಕರಿನ ಬೀಗದ ಕೈ ಮೇಘಶ್ರೀಯ ಬಳಿ. ಟವೆಲು ಇನ್ನು ಮುಟ್ಟುವ ಹಾಗಿರಲಿಲ್ಲ. ಬರಿಮೈಯಲ್ಲಿ ನಿಂತ ಮಗುವಿನ ಹಲ್ಲು ಕಟಕಟ ಅನ್ನುತ್ತಿದ್ದಾಗ ಬೆನ್ನ ಹಿಂದೆ ಯಾರೋ ಬಂದರು. ಕವನಾ. ಅವಳ ಕೈಯಲ್ಲಿ ಹೂವಿನ ಚಿತ್ರದ ಪುಟ್ಟ ಚಡ್ಡಿ ಇತ್ತು.

“ಮಗ ನಡುಗ್ತಾ ಐತೆ. ಇದನ್ನ ಹಾಕಿ.”

ಸಂಜಯನ ಕೈ ಮುಂದೆ ಬರಲಿಲ್ಲ. ಅದು ನಾಚಿಕೆಗೆ. ಅವಳು ಬೇರೆ ಅರ್ಥ ಮಾಡಿಕೊಂಡಳು.

“ಒಗ್ದಿರೋದೇ ಅಣ್ಣ,” ಎಂದಳು ಮೆಲ್ಲಗೆ. “ಒಗೆದ ಮೇಲೆ ತೇಜುಗೆ ಹಾಕಿಲ್ಲ.” ನಲ್ಲಿಯ ಕಟ್ಟೆಯ ಮೇಲೆ ಚಡ್ಡಿ ಇಟ್ಟು, ತಿರುಗಿ ನೋಡದೆ ಹೋದಳು.

ಹೆಂಡತಿಗೆ ಸಂಜಯ್ ಅರ್ಧ ಮಾತ್ರ ಹೇಳಿದ. ಊರಿಗೆ ಬಂದ ಮೇಲೆ ಅವಳು ಚಡ್ಡಿಯನ್ನು ಒಗೆದು, ಇಸ್ತ್ರಿ ಮಾಡಿ, ಕೊಟ್ಟು ಬನ್ನಿ ಎಂದು ಕಾರಿನಲ್ಲಿಟ್ಟಳು. ಕೆಳಗಿನ ಕೇರಿಗೆ ಕಾರು ಬೇಕಾಗಿಯೇ ಇಲ್ಲ, ನಡೆದೇ ಹೋಗಬಹುದು. ಸಂಜಯ್ ದಿನ ಬೆಳಗಾದರೆ ಹೊಳೆನರಸೀಪುರ, ಹಾಸನ ಎಂದು ಓಡಾಡುತ್ತಾನೆ. ತಿಂಗಳುಗಳು ಕಳೆದರೂ ಚಡ್ಡಿ ಕಾರಿನಲ್ಲೇ ಇದೆ. ಬೆಳೆದ ತೇಜುವಿಗೆ ಈಗ ಅದು ಅಳತೆಗೆ ಆಗಲಿಕ್ಕಿಲ್ಲ.