ಪೆಟ್ಟಿಗೆಯ ಟೀಪಾಯಿ

ವಾರ್ನಿಷಿನ ವಾಸನೆ ಬಂದರೆ ಈಗಲೂ ನನಗೆ ಬೋಳಾರದ ನಮ್ಮ ಮನೆಯ ಜಗಲಿ ನೆನಪಾಗುತ್ತದೆ.

ಆ ವರ್ಷ ಅಪ್ಪನಿಗೆ ರಜೆ ಸಿಗಲಿಲ್ಲ. ದುಬೈಯಿಂದ ಅವರ ಬದಲು ಸಾಮಾನು ತುಂಬಿದ ಮರದ ಪೆಟ್ಟಿಗೆಯೊಂದು ಬಂತು. ಅಮ್ಮ ಅದನ್ನು ಬಿಚ್ಚಿ, ಅದೇ ಹಲಗೆಗಳಿಂದ ಟೀಪಾಯಿ ಮಾಡಲು ಕುಳಿತಳು. ಒಂದು ಹಲಗೆಯ ಮೇಲೆ ಅಪ್ಪ ಕಪ್ಪು ಪೇಂಟಿನಲ್ಲಿ ತಮ್ಮ ಹೆಸರು ಬರೆದಿದ್ದರು. ಉಜ್ಜಿ ತೆಗೆಯೋಣವೆಂದು ನಾನು ಮರಳುಕಾಗದ ಎತ್ತಿಕೊಂಡೆ.

“ಅದನ್ನು ಉಜ್ಜಬೇಡ ಮಗಾ. ಹೆಸರು ಅಡಿಭಾಗಕ್ಕೆ ಬರ್ಲಿ. ಅದರ ಮೇಲೆ ಚಾ ಇಡ್ಲಿಕ್ಕುಂಟಾ?” ಎಂದಳು ಅಮ್ಮ.

ಕಾಲುಗಳಿಗೆ ವಾರ್ನಿಷ್ ಹಚ್ಚಲು ಟೀಪಾಯಿಯನ್ನು ಮಗುಚಿದಾಗ ಹೆಸರು ಮತ್ತೆ ಕಂಡಿತು. ಅಮ್ಮ ಎಂದೂ ಅಪ್ಪನ ಹೆಸರು ಹೇಳಿದವಳಲ್ಲ.

“ಅದನ್ನೊಮ್ಮೆ ಓದು ನೋಡುವ,” ಎಂದಳು.

ನಾನು ಶಾಲೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದೆ. ಅಮ್ಮ ಬ್ರಶ್ ಕೆಳಗಿಟ್ಟಳು.

“ಇನ್ನೊಮ್ಮೆ ಓದು.”