ಹೂಂ ಅನ್ನಿ, ಊಹೂಂ ಅನ್ನಿ

ಪಟಾಕಿ ಮದ್ದಿನ ವಾಸನೆ ಎದ್ದದ್ದೇ ತಡ, ಮಾರಕ್ಕನಿಗೆ ಚಿಕ್ಕಂದಿನ ದೀಪಾವಳಿ ನೆನಪಾಗಿ, ಸೆರಗು ಸಿಕ್ಕಿಸಿ ಬ್ಯಾಂಡಿನವರ ಮುಂದೆ ಕುಣಿದೇಬಿಟ್ಟಳು. ಮುದ್ದೆ ಹೋಟೆಲು ತೆರೆಯಲು ಅವಳು ಕೊಟ್ಟ ಅರ್ಜಿಯನ್ನು ಪಂಚಾಯ್ತಿ ಚೇರ್ಮನ್ ಹನುಮಯ್ಯ ಹೋದ ವರ್ಷದಿಂದ ಮುಟ್ಟಿರಲಿಲ್ಲ. ಅರವತ್ತೆರಡನೇ ಇಸವಿಯ ಆ ಬೆಳಿಗ್ಗೆ, ಅವಳು ಹಾಕಿದ ಕೇಸಿನಲ್ಲಿ ಹೈಕೋರ್ಟು ಅವನ ಮೇಲೆ ರಿಟ್ ಹೊರಡಿಸಿದೆ ಎಂಬ ಸುದ್ದಿಯನ್ನು ಯಲಹಂಕದ ಬಸ್ಸಿನ ಕಂಡಕ್ಟರು ತಂದಿದ್ದ. ಬಳ್ಳಾರಿ ರಸ್ತೆಯಲ್ಲಿ ಲಾರಿ ನಿಲ್ಲಿಸಿ ಡ್ರೈವರುಗಳೂ ಕುಣಿಯುತ್ತಿದ್ದರು.

"ಮಾರಕ್ಕಾ, ನಿಲ್ಸಿ! ಬ್ಯಾಂಡು ನಿಲ್ಸಿ!" ವಕೀಲ ತಾಜುದ್ದೀನ್ ಕರಿ ಕೋಟು ಹಾರಿಸುತ್ತ ಸೈಕಲ್ ತುಳಿದು ಬಂದ.

"ಬಾರಪ್ಪ ಲಾಯರಪ್ಪ! ಗೆಲ್ಸಿದೋನು ನೀನು, ಒಂದೆಜ್ಜೆ ಆಕು!"

"ಲೈಸೆನ್ಸ್ ಕೊಡಿ ಅಂತ ಕೋರ್ಟು ಹೇಳಿಲ್ಲ ಅಕ್ಕ. ಉತ್ತರ ಕೊಡಿ ಅಂದಿದೆ, ಅಷ್ಟೇ. ಹನುಮಯ್ಯನವರು ಹೂಂ ಅನ್ನಬಹುದು, ಊಹೂಂ ಅನ್ನಬಹುದು. ಸುಮ್ನಿರೋ ಹಾಗಿಲ್ಲ."

ಎತ್ತಿದ ಕಾಲು ಎತ್ತಿದ ಹಾಗೇ ಮಾರಕ್ಕ ನಿಂತಳು. "ಅಯ್ಯೋ! ಆವಯ್ಯನ ಮನೆ ಮುಂದೇನೇ ಸರಪಟಾಕಿ ಅಚ್ಚಿಸ್ಬಿಟ್ನಲ್ಲೋ!"

ಡೋಲಿನವನಿಗೆ ಇದೆಲ್ಲ ಕೇಳಿಸಬೇಕಲ್ಲ! ಕಣ್ಣು ಮುಚ್ಚಿ ಬಾರಿಸುತ್ತ ಅವನು ನೇರವಾಗಿ ಪಂಚಾಯ್ತಿ ಕಚೇರಿಯ ಅಂಗಳಕ್ಕೇ ನುಗ್ಗಿದ. ಹಿಂದೆ ಇಡೀ ಊರು. ಬಾಗಿಲಲ್ಲಿ ಹನುಮಯ್ಯ. ಮಾರಕ್ಕ ಓಡಿಹೋಗಿ ತನ್ನ ಕೊರಳಿನ ಹೂವಿನ ಹಾರ ತೆಗೆದು ಅವನಿಗೆ ಹಾಕಿಬಿಟ್ಟಳು.

"ನಿಮ್ದೇ ಮೆರವಣಿಗೆ ಕಣಣ್ಣೋ!"

"ಕೋರ್ಟಲ್ಲಿ ಸೋತಿದ್ದಕ್ಕಾ?" ಎಂದ ಹನುಮಯ್ಯ. ಯಾರೋ ಕಿಸಕ್ಕೆಂದರು. ಅವನಿಗೂ ತಡೆಯಲಾಗಲಿಲ್ಲ, ಹಾರ ಕುಣಿಯುವಂತೆ ನಕ್ಕ. ಆಮೇಲೆ ದನಿ ತಗ್ಗಿಸಿದ. "ಎದುರಿನ ಹೋಟೆಲು ನನ್ನ ಭಾವಮೈದುನಂದು ಮಾರಕ್ಕ. ಊಹೂಂ ಅಂದ್ರೆ ಊರು ಬೈಯುತ್ತೆ, ಹೂಂ ಅಂದ್ರೆ ಮನೇಲಿ ಬೈತಾರೆ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ಈ ಕೋರ್ಟು ಅದಕ್ಕೂ ಬಿಡಲಿಲ್ಲ."

ಒಳಗೆ ಹೋಗಿ ಕೂತು ಪೆನ್ನು ತೆಗೆದ. ಕಿಟಕಿಗಳ ತುಂಬ ಮುಖಗಳು. ತಾಜುದ್ದೀನ್ ಮಾತ್ರ ಕಣ್ಣು ಮುಚ್ಚಿಕೊಂಡಿದ್ದ.

"ಹೂಂ," ಎಂದು ಹನುಮಯ್ಯ ಸಹಿ ಹಾಕಿದ.

ಮತ್ತೆ ಡೋಲು! ಸೈಕಲ್ ಸಮೇತ ತಾಜುದ್ದೀನನನ್ನು ಎತ್ತಿಕೊಂಡು ಜನ ರಸ್ತೆಗಿಳಿದರು. ಅವನ ಒಂದು ಚಪ್ಪಲಿ ಅಂಗಳದಲ್ಲೇ ಉಳಿಯಿತು.

ಮಧ್ಯಾಹ್ನವಾಯಿತು. ದಿನವೂ ಎದುರಿನ ಹೋಟೆಲಿನಿಂದ ಬರುತ್ತಿದ್ದ ಊಟ ಇಂದು ಬರಲಿಲ್ಲ. ಹನುಮಯ್ಯ ಹೊರಗೆ ಇಣುಕಿದಾಗ ಭಾವಮೈದುನ ಬೇಕೆಂದೇ ಬೆನ್ನು ತಿರುಗಿಸಿ ನಿಂತಿದ್ದ. ಹನುಮಯ್ಯ ಒಂದು ಲೋಟ ನೀರು ಕುಡಿದು ಬಂದು ಕೂತ.

ಕುಣಿತದ ನಡುವೆಯೇ ಮಾರಕ್ಕ ಯಾವಾಗ ಜಾರಿ ಬಂದಳೋ, ಯಾರೂ ನೋಡಲಿಲ್ಲ. ಬಿಸಿ ಮುದ್ದೆ, ಬಸ್ಸಾರಿನ ತಟ್ಟೆಯನ್ನು ಅವನ ಮುಂದಿಟ್ಟಳು. ಹೋಗುವಾಗ, ಎದುರಿನ ಹೋಟೆಲಿಗೆ ಕಾಣದಂತೆ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು.